ಎರಡು ಹೊನ್ನಾಳಿ

ಪ್ರೋಗ್ರಾಮಿನ ತಪ್ಪು ಹುಡುಕಲು ಇನ್ನೊಂದು ಪ್ರೋಗ್ರಾಮ್ ಬೇಕು, ಅದೇ ಡಿಬಗರ್. ಅಂಥದೊಂದನ್ನು ಕಟ್ಟುವ ನಮ್ಮ ಗುಂಪಿನಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನವರು ಒಬ್ಬೊಬ್ಬರಿದ್ದಾರೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಪಾಲು ತೆಗೆದುಕೊಂಡ ತಾಲ್ಲೂಕು. ಮುಂದಿನ ಆವೃತ್ತಿಗೆ ಏನು ಸೇರಿಸಬೇಕೆಂದು ಸಭೆ ಕೂತರೆ ಒಮ್ಮತ ಹುಟ್ಟುವುದಾದರೂ ಹೇಗೆ?

ಚನ್ನಗಿರಿಯವನಿಗೆ ಹಿಂದಕ್ಕೆ ನಡೆಯುವ ಸೌಲಭ್ಯ ಬೇಕು. ಪ್ರೋಗ್ರಾಮ್ ಕುಸಿದ ಜಾಗದಿಂದ ಹೆಜ್ಜೆ ಹೆಜ್ಜೆಗೆ ಹಿಂದೆ ಸರಿಯುತ್ತಾ, ವೇರಿಯಬಲ್ ಎಲ್ಲಿ ಕೆಟ್ಟಿತೆಂದು ನೋಡುವುದು. ಜಿಡಿಬಿ ಎಂಬ ಡಿಬಗರಿನಲ್ಲಿ ಇದು 2009ರ 7.0 ಆವೃತ್ತಿಗೇ ಬಂತು. ಮೊಜಿಲ್ಲಾದಲ್ಲಿ ಹುಟ್ಟಿದ ಇನ್ನೊಂದು ಡಿಬಗರ್ ಆರ್‌ಆರ್ ಇಡೀ ಓಟವನ್ನೇ ದಾಖಲಿಸಿಟ್ಟು ಬೇಕೆಂದಾಗ ಮತ್ತೆ ಓಡಿಸುತ್ತದೆ. ಅಡಿಕೆ ಧಾರಣೆ ಬಿದ್ದ ಮೇಲೆ 'ಮೊನ್ನೆನೇ ಮಾರಬೇಕಿತ್ತು' ಎನ್ನುವ ಸೀಮೆಯವನಿಗೆ ಈ ಆಸೆ ಸಹಜವೇ.

"ಎಲ್ಲಾನೂ ದಾಖಲು ಮಾಡ್ಕೊಂತ ಕುಂತ್ರೆ ಜಾಗ ಎಲ್ಲಿಂದ ತರ್ತೀಯೋ?" ಎಂದು ಜಗಳೂರಿನವನ ತಕರಾರು. ತುಂಗಭದ್ರೆ ನೀರು 57 ಕೆರೆಗೆ ಬರಲಿ ಎಂದು ವರ್ಷಗಟ್ಟಲೆ ಕಾದ ತಾಲ್ಲೂಕು ಅವನದು. ಒಂದು ಬೈಟ್ ಚೆಲ್ಲಿದರೂ ಹೊಟ್ಟೆ ಉರಿದುಕೊಳ್ಳುತ್ತಾನೆ. ಹೊನ್ನಾಳಿಯವನಿಗೆ ಬೇಕಾದದ್ದು ಕಪ್ಪು ಹಿನ್ನೆಲೆ. ಅಷ್ಟೇ. ಮತಕ್ಕೆ ಹಾಕಿದಾಗಲೆಲ್ಲ ಗೆಲ್ಲುವುದೂ ಅದೇ.

ನ್ಯಾಮತಿಯವಳ ಬೇಡಿಕೆ ನೋಡಲು ತೀರಾ ಸಣ್ಣದು. ಅವಳು ಪರೀಕ್ಷಿಸುತ್ತಿದ್ದ ತಾಲ್ಲೂಕುಗಳ ಪಟ್ಟಿಯಲ್ಲಿ ಹೊನ್ನಾಳಿ ಎರಡು ಸಲ ಬಂದಿತ್ತು. "ನಮ್ಮನ್ನ ಬೇರೆ ಮಾಡಿದ್ದು ಸಾಲ್ದು ಅಂತ ಈಗ ಹೊನ್ನಾಳಿನೇ ಎರಡಾಗೈತಲ್ರೀ!" ಎಂದಳು. ಅಕ್ಷರಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡ್‌ನಲ್ಲಿ 'ಹೊ'ದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ತುಂಡಾಗಿಯೂ ಇಡಬಹುದು. ಮೂರಕ್ಷರದ ಊರು ಒಂದು ಕಡೆ 8 ಸಂಕೇತ, ಇನ್ನೊಂದು ಕಡೆ 9. ಯುಟಿಎಫ್-8ರಲ್ಲಿ 24 ಬೈಟ್, 27 ಬೈಟ್. ಎರಡೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ. ಬೈಟಿಗೆ ಬೈಟ್ ಹೋಲಿಸುವ ಪ್ರೋಗ್ರಾಮಿಗೆ ಅದು ಕೇಳಿಸುವುದಿಲ್ಲ.

ಇಲ್ಲೇ ಇರುವುದು ತೊಡಕು. ಡಿಬಗರ್ ಅಕ್ಷರ ತೋರಿಸಿದರೆ ವ್ಯತ್ಯಾಸ ಕಾಣದು. ಸಂಕೇತ ತೋರಿಸಿದರೆ ಊರೇ ಕಾಣದು. ಎರಡನ್ನೂ ಅಕ್ಕಪಕ್ಕ ತೋರಿಸಿ ಎಂಬುದಷ್ಟೇ ಅವಳ ಬೇಡಿಕೆ. ಅದಕ್ಕೆ ಬಿದ್ದದ್ದು ಒಂದು ಮತ, ಅದೂ ಅವಳದ್ದೇ. ಮತ ಹಾಕುವ ಉಳಿದವರೆಲ್ಲ ಇಂಗ್ಲಿಷಿನಲ್ಲೇ ಡೇಟಾ ತುಂಬಿ ಪರೀಕ್ಷಿಸುವವರು. ಈ ಮುಳ್ಳು ಅವರ ಕಾಲಿಗೆ ಚುಚ್ಚಿಯೇ ಇಲ್ಲ. ಬೇಡಿಕೆ ಎಣಿಸಿ ಕೆಲಸ ಹಂಚಿದರೆ ಹೀಗೇ ಆಗುವುದು. ಇರುವುದನ್ನು ಇದ್ದಂತೆ ತೋರಿಸಲಾಗದ ಡಿಬಗರ್ ಹಿಂದಕ್ಕೆ ನಡೆದರೇನು, ಕಪ್ಪಾದರೇನು?

ನಿಮ್ಮ ಡಿಬಗರ್‌ಗೂ ಒಮ್ಮೆ ನಿಮ್ಮೂರ ಹೆಸರನ್ನು ಕನ್ನಡದಲ್ಲೇ ಕೊಟ್ಟು ನೋಡಿ. ಬರೀ ಚೌಕಗಳು ಕಂಡರೆ ಕಟ್ಟಿದವರಿಗೆ ಎರಡು ಸಾಲು ಬರೆಯಿರಿ. ನ್ಯಾಮತಿಯವಳಿಗೆ ಇನ್ನೊಂದು ಮತವಾದರೂ ಸಿಗಲಿ.