ಮೊದಲು ಕಾಲು, ಆಮೇಲೆ ಗುಂಡು

ಹತ್ತು ಮೀಟರ್ ದೂರದ ಲಿಂಬೆಹಣ್ಣಿಗೆ ಗುಂಡು ಹೊಡೆದೆ ಅಂತ ಇಂಡಿ ಪಟ್ಟಣದ ಚಹಾದಂಗಡಿಯಲ್ಲಿ ಯಾರಾದರೂ ಮೀಸೆ ತಿರುವಿದರೆ ನಂಬಬಹುದು. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಮಾತ್ರ ಹತ್ತಂಕದ ಚುಕ್ಕಿ ಲಿಂಬೆಯ ಬೀಜಕ್ಕಿಂತಲೂ ಸಣ್ಣದು: ಅರ್ಧ ಮಿಲಿಮೀಟರ್! ಹಾರುವ ಗುಂಡೇ 4.5 ಮಿ.ಮೀ. ದಪ್ಪ. ಇಂಥವನ್ನು 75 ನಿಮಿಷದಲ್ಲಿ 60 ಹಾರಿಸಬೇಕು.

ಸಿಂದಗಿ, ಮುದ್ದೇಬಿಹಾಳದ ಕಡೆಯ ಹುಡುಗರಿಗೆ ರೈಫಲ್ ಮುಟ್ಟಲು ಸುಲಭದ ದಾರಿ ಎನ್‌ಸಿಸಿ. ಅಲ್ಲಿ .22 ರೈಫಲ್ ಹಿಡಿದು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದವನಿಗೆ ಮೊದಲು ಕಲಿಸುವುದು ಗ್ರೂಪಿಂಗ್. ಗುಂಡುಗಳೆಲ್ಲ ಎಡಮೂಲೆಯಲ್ಲೇ ಗುಂಪಾಗಿ ಬಿದ್ದರೆ ಚಿಂತೆಯಿಲ್ಲ, ಗುರಿ ನೋಡುವ ಸೈಟ್ ತಿರುಗಿಸಿದರಾಯಿತು. ದಿಕ್ಕಾಪಾಲಾಗಿ ಚದುರಿದರೆ ತಿರುಗಿಸಬೇಕಾದ್ದು ಹುಡುಗನನ್ನೇ.

ಹಾಗಾಗಿ ನಿಂತು ಹೊಡೆಯುವ ಏರ್ ರೈಫಲ್‌ನಲ್ಲಿ ಪ್ರತಿ ಗುಂಡಿಗೂ ಅದೇ ಪೂಜಾಕ್ರಮ. ಕಾಲು ಊರು, ಕಣ್ಣು ಮುಚ್ಚು, ಉಸಿರಾಡು, ಕಣ್ಣು ತೆರೆ. ನಳಿಕೆ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆಯಕೂಡದು, ಪಾದವನ್ನೇ ಸರಿಸಬೇಕು. ಅರ್ಧ ಉಸಿರು ಬಿಟ್ಟು, ತಡೆದು, ಟ್ರಿಗರ್ ಮೆಲ್ಲಗೆ ಒತ್ತಬೇಕು. ಗುಂಡು ಹೋದ ಮೇಲೂ ಒಂದು ಕ್ಷಣ ಅಲ್ಲಾಡಬಾರದು. ಏಳೆಂಟು ಸೆಕೆಂಡಿನಲ್ಲಿ ಮನಸ್ಸು ಒಪ್ಪದಿದ್ದರೆ? ರೈಫಲ್ ಇಳಿಸಿ ಮೊದಲಿನಿಂದ ಶುರು.

ಬೆಂಗಳೂರಿನ ಶೂಟರ್ ತಿಲೋತ್ತಮಾ ಸೇನ್ 2023ರಲ್ಲಿ ಚಾಂಗ್‌ವಾನ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದು, ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತಕ್ಕೊಂದು ಕೋಟಾ ತಂದಾಗ ವಯಸ್ಸು 15. ಅಷ್ಟು ಸಣ್ಣ ವಯಸ್ಸಿನವರಿಗೆ ಒಗ್ಗುವ ಈ ತಾಳ್ಮೆ ಬಸವನ ಬಾಗೇವಾಡಿಯ ಕಟ್ಟೆಯ ಮೇಲಿನ ಕಾಕಾನಿಗೆ ಒಗ್ಗುವುದು ಕಷ್ಟ.

"ಎತ್ತಿದ ಬಂದೂಕು ಹೊಡೀಲಾರದ ಇಳಸೂದಾ? ಮಂದಿ ಏನಂದಾರೋ ತಮ್ಮಾ!"