ಹೆಬ್ಬೆರಳಿನ ಮರ್ಜಿ

ಪೈಲ್ವಾನರ ಚಿತ್ರ ಬರೆಯುವವರು ತೋಳು, ಎದೆ, ಮೀಸೆ ಇಷ್ಟಕ್ಕೇ ಬಣ್ಣವೆಲ್ಲ ಸುರಿದುಬಿಡುತ್ತಾರೆ. ಬೆರಳುಗಳ ಪಾಲಿಗೆ ಉಳಿಯುವುದು ನಾಲ್ಕೈದು ಗೀಟು. ಸಂಜೀವಿನಿ ಪರ್ವತ ಹೊತ್ತ ಹನುಮಂತನ ಕ್ಯಾಲೆಂಡರನ್ನೇ ನೋಡಿ. ಬೆಟ್ಟ ಅಂಗೈ ಮೇಲೆ ತನ್ನಷ್ಟಕ್ಕೆ ತಾನು ಕೂತಿರುತ್ತದೆ, ಹಿಡಿದುಕೊಳ್ಳುವ ರಗಳೆಯೇ ಇಲ್ಲ. ದೇವರಿಗೆ ಅದು ನಡೆಯುತ್ತದೆ. ನರಮನುಷ್ಯರು ಎತ್ತುವ ಭಾರವೆಲ್ಲ ಕೊನೆಗೆ ಬಂದು ಜೋತುಬೀಳುವುದು ಬೆರಳಿನ ಗೆಣ್ಣಿಗೇ. ಸಂತೆಯಿಂದ ಎರಡೂ ಕೈಯಲ್ಲಿ ಚೀಲ ಹಿಡಿದು ಬರುವವರನ್ನು ಕೇಳಿ: ಭುಜ ಇನ್ನೂ ಎರಡು ಬೀದಿ ನಡೆಯಲು ತಯಾರು, ಬೆರಳು ಮಾತ್ರ ಬಿಳಿಚಿಕೊಂಡು ‘ಇಳಿಸು, ಇಲ್ಲಾ ನಾನೇ ಬಿಡ್ತೀನಿ’ ಎನ್ನುತ್ತಿರುತ್ತದೆ.

ನಮ್ಮ ಮನೆಗೆ ಗ್ಯಾಸ್ ತರುವ ಹುಡುಗನದು ಸಣಕಲು ಮೈ. ಜಿಮ್ಮಿನ ಬಾಗಿಲಲ್ಲಿ ನಿಂತರೆ ಒಳಗೆ ಬಿಡುವುದಕ್ಕೂ ಅನುಮಾನ ಪಟ್ಟಾರು. ಸಿಲಿಂಡರಿನೊಳಗಿನ ಅನಿಲವೇ 14.2 ಕಿಲೋ, ಕಬ್ಬಿಣದ ತೂಕವೂ ಹೆಚ್ಚುಕಡಿಮೆ ಅಷ್ಟೇ. ಅಂಥದ್ದನ್ನು ಅವನು ಮೇಲಿನ ಬಳೆಗೆ ನಾಲ್ಕು ಬೆರಳು ಸಿಕ್ಕಿಸಿ, ಒಂದು ಸಲ ಜೋಲಿ ಹೊಡೆಸಿ ಭುಜಕ್ಕೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಮಾತಾಡುತ್ತಲೇ ಮೂರು ಮಹಡಿ ಹತ್ತುತ್ತಾನೆ. “ಅಕ್ಕಾ, ಒಟಿಪಿ ಹೇಳಿ” ಅನ್ನುವಾಗಲೂ ಉಸಿರು ಏರಿರುವುದಿಲ್ಲ. ಖಾಲಿ ಸಿಲಿಂಡರನ್ನು ಬಾಗಿಲ ತನಕ ತರುವ ಹೊಣೆ ನನ್ನದು. ನಾನು ಅದನ್ನು ಓರೆ ಮಾಡಿ ಉರುಳಿಸಿಕೊಂಡು ತರುತ್ತೇನೆ. ಚಕ್ರ ಕಂಡುಹಿಡಿದವರಿಗೂ ಮರ್ಯಾದೆ ಕೊಡಬೇಕಲ್ಲ!

ಬೆರಳಿನ ಈ ದೌರ್ಬಲ್ಯವನ್ನು ಬಂಡವಾಳ ಮಾಡಿಕೊಂಡ ಮಹಾನುಭಾವ ಇಂಗ್ಲೆಂಡಿನ ಥಾಮಸ್ ಇಂಚ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಊರೂರು ತಿರುಗಿ ಬಲಪ್ರದರ್ಶನ ಮಾಡುತ್ತಿದ್ದವನು. ಅವನ ಬಳಿ ಎರಕದ ಒಂದು ಡಂಬೆಲ್ ಇತ್ತು. ತೂಕ ಸುಮಾರು 78 ಕಿಲೋ, ಅಂದರೆ ಒಬ್ಬ ಒಳ್ಳೆಯ ಗಂಡಾಳಿನಷ್ಟು. ಗಟ್ಟಿಗರಿಗೆ ಅದೇನು ಮಹಾ? ಆದರೆ ಹಿಡಿಕೆಯ ದಪ್ಪ ಆರು ಸೆಂಟಿಮೀಟರ್. ಅಷ್ಟು ದಪ್ಪದ ಹಿಡಿಕೆಯನ್ನು ಒಂದೇ ಕೈಯಲ್ಲಿ ಹಿಡಿದರೆ ಹೆಬ್ಬೆರಳು ಸುತ್ತಿ ಬಂದು ಉಳಿದ ಬೆರಳುಗಳನ್ನು ಮುಟ್ಟುವುದಿಲ್ಲ, ಬೀಗ ಬೀಳುವುದಿಲ್ಲ. ಹಿಡಿಕೆ, ಎರಡು ತುದಿಯ ಗುಂಡು ಎಲ್ಲ ಒಂದೇ ಎರಕವಾದ್ದರಿಂದ ನೆಲ ಬಿಟ್ಟ ಕೂಡಲೇ ಇಡೀ ಸಾಮಾನು ಬೆರಳ ತುದಿಯ ಕಡೆಗೆ ಹೊರಳುತ್ತದೆ. ಬೆನ್ನು, ತೊಡೆ, ಭುಜ ಎಲ್ಲ ಒಪ್ಪಿದರೂ ಹೆಬ್ಬೆರಳು ಒಲ್ಲೆ ಎಂದರೆ ಮುಗಿಯಿತು. ಎತ್ತಿದವರಿಗೆ 200 ಪೌಂಡ್ ಬಹುಮಾನ ಎಂದು ಇಂಚ್ ಸಾರಿದ್ದ. ಬಂದವರೆಲ್ಲ ಮೊದಲು ತೋಳು ಮಡಚಿ ತೋರಿಸಿ, ಆಮೇಲೆ ಬಗ್ಗಿ, ಆಮೇಲೆ ಕೆಂಪಾಗಿ ಹಿಂದಿರುಗುತ್ತಿದ್ದರು. ಅದೇ ರೂಪದ, ಹಗುರ ತೂಕದ ಡಂಬೆಲ್‌ಗಳೂ ಅವನ ಬಳಿ ಇದ್ದವಂತೆ. ಯಾವ ಊರಿನಲ್ಲಿ ಯಾವುದನ್ನು ಎತ್ತಿ ತೋರಿಸಿದನೋ ಅವನಿಗೇ ಗೊತ್ತು. ವ್ಯಾಪಾರಿಯಾಗಿದ್ದರೂ ಚೆನ್ನಾಗಿಯೇ ಬಾಳುತ್ತಿದ್ದ ಆಸಾಮಿ. ಇವತ್ತು ಹಿಡಿತದ ಸ್ಪರ್ಧೆ ನಡೆಸುವವರು ಆ ಡಂಬೆಲ್ಲಿನ ಪಡಿಯಚ್ಚು ಮಾಡಿಸಿ ಮುಂದಿಡುತ್ತಾರೆ. ಈಗಲೂ ಮುಕ್ಕಾಲು ಪಾಲು ಜನ ಬಗ್ಗಿ ಕೆಂಪಾಗುವುದಷ್ಟೇ.

ಸ್ಕಾಟ್ಲೆಂಡಿನವರದು ಇಷ್ಟು ನಾಜೂಕಿನ ವ್ಯವಹಾರವಲ್ಲ. ಅಲ್ಲಿ ಡೀ ನದಿಯ ದಡದ ಪೊಟಾರ್ಕ್ ಎಂಬಲ್ಲಿ ಕಬ್ಬಿಣದ ಬಳೆ ಹೊಡೆದ ಎರಡು ಗ್ರಾನೈಟ್ ಕಲ್ಲುಗಳಿವೆ. ಒಂದು 188 ಕಿಲೋ, ಇನ್ನೊಂದು 144. ಸೇತುವೆ ರಿಪೇರಿಯ ಕಾಲದಲ್ಲಿ ಸಾರುವೆಗೆ ಭಾರ ಕಟ್ಟಲು ತಂದ ಕಲ್ಲುಗಳು, ಕೆಲಸ ಮುಗಿದ ಮೇಲೆ ಅಲ್ಲೇ ಉಳಿದುಕೊಂಡವು. 1860ರಲ್ಲಿ ಡೊನಾಲ್ಡ್ ಡಿನ್ನಿ ಎಂಬ ಕಲ್ಲುಕುಟಿಗರ ಮನೆಯ ಯುವಕ ಒಂದೊಂದು ಕೈಗೆ ಒಂದೊಂದನ್ನು ಹಿಡಿದು ಸೇತುವೆ ದಾಟಿದ ಎನ್ನುತ್ತಾರೆ. ಸೇತುವೆಯ ಉದ್ದವನ್ನಲ್ಲ ಮಾರಾಯ್ರೇ, ಅಗಲವನ್ನು, ಹದಿನೇಳು ಅಡಿ. ನಗಬೇಡಿ. ಎರಡೂ ಕಲ್ಲಿನ ತೂಕ ಒಂದೇ ಅಲ್ಲವಾದ್ದರಿಂದ ಮೈ ಒಂದು ಕಡೆಗೆ ಎಳೆಯುತ್ತದೆ, ತೆಳು ಬಳೆ ಬೆರಳಿನ ಎಲುಬಿಗೇ ನಾಟುತ್ತದೆ. ಕೂಲಿಯಿಲ್ಲದೆ ಕಲ್ಲು ಹೊರುವುದಕ್ಕೆ ಜಗತ್ತಿನ ಮೂಲೆ ಮೂಲೆಯಿಂದ ಖರ್ಚು ಹಾಕಿಕೊಂಡು ಜನ ಇಂದಿಗೂ ಅಲ್ಲಿಗೆ ಹೋಗುತ್ತಾರೆ ಎಂದರೆ ಯಾವ ಮೇಸ್ತ್ರಿಯೂ ನಂಬಲಾರ.

ಬಳೆಯನ್ನೂ ಕೊಡದೆ ಎತ್ತು ಎನ್ನುವವರು ನಮ್ಮ ಉತ್ತರ ಕರ್ನಾಟಕದ ಜಾತ್ರೆಯವರು. ಹಿಡಿಕೆ ಇರುವ ಸಂಗ್ರಾಣಿ ಕಲ್ಲಿನದು ಒಂದು ಬಗೆಯಾದರೆ, ಗುಂಡುಕಲ್ಲಿಗೆ ಹಿಡಿಯಲು ಮೂಗಿಲ್ಲ, ಕಿವಿಯಿಲ್ಲ. ತಲೆತಲಾಂತರದ ಎದೆಗಳಿಗೆ ಉಜ್ಜಿ ನುಣ್ಣಗಾಗಿರುತ್ತದೆ ಬೇರೆ. ಪೈಲ್ವಾನ ಮೊದಲು ಅದಕ್ಕೆ ಕೈಮುಗಿಯುತ್ತಾನೆ, ಅಂಗೈಗೆ ಮಣ್ಣು ತಿಕ್ಕಿಕೊಳ್ಳುತ್ತಾನೆ. ಬೆರಳುಗಳನ್ನು ಕಲ್ಲಿನ ಹೊಟ್ಟೆಯ ಕೆಳಗೆ ತೂರಿಸಿ ಮೊದಲು ಮೊಣಕಾಲಿಗೆ ತರುತ್ತಾನೆ, ಅಲ್ಲಿಂದ ತೊಡೆ. ತೊಡೆಯ ಮೇಲೆ ಕೂರಿಸಿಕೊಂಡು ಒಂದು ಗಳಿಗೆ ಕಲ್ಲನ್ನು ಮಗುವಿನಂತೆ ತಬ್ಬಿಕೊಂಡಿರುತ್ತಾನೆ. ಹಲಗಿ ಬಡಿತ ಏರುತ್ತದೆ. ಎದೆ, ಭುಜ, ಆಮೇಲೆ ಹಿಂದಕ್ಕೆ ಧೊಪ್ಪನೆ. ನೆಲ ಅದುರಿದ್ದು ನಿಂತವರ ಅಂಗಾಲಿಗೂ ಗೊತ್ತಾಗುತ್ತದೆ. “ಹೌದ್ದೋ ಹುಲಿಯಾ!” ಎಂದು ಕೂಗುವವರ ನಡುವೆ ಪಟಗಾ ಸುತ್ತಿದ ಮುದುಕರೊಬ್ಬರು ಮಾತ್ರ, “ಎಲ್ಲಾ ಖರೆ, ಇವರಪ್ಪ ಇದನ್ನ ಎಡಗಡೆ ಒಗೀತಿದ್ದ” ಎಂದು ಗೆದ್ದವನ ಖುಷಿಯನ್ನು ಒಂದು ಹಿಡಿ ಕಮ್ಮಿ ಮಾಡುತ್ತಾರೆ. ಇಂಥ ಮುದುಕರಿಲ್ಲದ ಜಾತ್ರೆಯನ್ನು ನಾನು ನೋಡಿಲ್ಲ.

ಒಲಿಂಪಿಕ್ ಬಗೆಯ ವೇಟ್‌ಲಿಫ್ಟಿಂಗ್‌ನಲ್ಲಿ ಬಾರ್ ತೆಳ್ಳಗಿರುವುದರಿಂದ ಹೆಬ್ಬೆರಳಿಗೆ ಬೇರೆಯದೇ ಶಿಕ್ಷೆ. ಹೆಬ್ಬೆರಳನ್ನು ಬಾರಿಗೆ ಒತ್ತಿ, ಅದರ ಮೇಲೆ ತೋರುಬೆರಳು, ನಡುಬೆರಳುಗಳನ್ನು ಕೊಂಡಿಯಂತೆ ಬಿಗಿಯುತ್ತಾರೆ, ಹುಕ್ ಗ್ರಿಪ್ ಎನ್ನುತ್ತಾರೆ. ಬಾರ್ ಹೊರಳದಂತೆ ತಡೆಯುವ ಬೀಗ ಅದು. ಹೊಸಬರಿಗೆ ಕಣ್ಣಲ್ಲಿ ನೀರು ಬರುತ್ತದೆ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದರು, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕಿಲೋ ಎತ್ತಿ ಕಂಚು. ಪೇಪರಿನವರು ಪದಕದ ಫೋಟೊ ಹಾಕಿದರು. ಹೆಬ್ಬೆರಳಿನ ಫೋಟೊ ಯಾರೂ ಹಾಕಲಿಲ್ಲ.

ಹಿಡಿತಕ್ಕೆ ಮರ್ಯಾದೆ ಬಂದದ್ದು ವೈದ್ಯರಿಂದ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 17 ದೇಶಗಳ ಸುಮಾರು 1,40,000 ಜನರ ಅಧ್ಯಯನವೊಂದು ಬಂತು, ಅದರಲ್ಲಿ ಭಾರತದವರೂ ಇದ್ದರು. ಮುಷ್ಟಿಯ ಬಲ ಐದು ಕಿಲೋ ಕಮ್ಮಿಯಾದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಹೆಚ್ಚು ಕಂಡುಬಂತು ಎನ್ನುವುದು ಅದರ ಸಾರ. ಮುಷ್ಟಿ ಗಟ್ಟಿ ಮಾಡಿಕೊಂಡರೆ ಆಯುಸ್ಸು ಬೆಳೆಯುತ್ತದೆ ಎಂದು ಅದರಲ್ಲಿ ಹೇಳಿರಲಿಲ್ಲ. ಅಷ್ಟು ಸೂಕ್ಷ್ಮ ನಮ್ಮ ಪಾರ್ಕಿನ ಬೆಂಚಿನ ತನಕ ತಲುಪಲಿಲ್ಲ. ಸುದ್ದಿ ತಿಳಿದದ್ದೇ ತಡ, ಬೆಳಗಿನ ನಮಸ್ಕಾರಗಳೆಲ್ಲ ನಿಂತು ಎಲ್ಲರೂ ಕೈ ಕುಲುಕತೊಡಗಿದರು. ಬಿಡಿಸಿಕೊಂಡ ಕೈಯನ್ನು ಬೆನ್ನ ಹಿಂದೆ ನೀವಿಕೊಳ್ಳುತ್ತ, “ಪರವಾಗಿಲ್ಲ ಸಾರ್, ನಿಮಗಿನ್ನೂ ಟೈಮಿದೆ” ಎಂಬ ಸರ್ಟಿಫಿಕೇಟು ಬೇರೆ. ನಿವೃತ್ತ ಮೇಷ್ಟ್ರೊಬ್ಬರಂತೂ ರಬ್ಬರ್ ಚೆಂಡು ತಂದು, ಎಡಕ್ಕಿಷ್ಟು ಬಲಕ್ಕಿಷ್ಟು ಎಂದು ಅಮುಕುತ್ತ ಕೂರುತ್ತಾರೆ. ಮೊನ್ನೆ ಅವರ ಮನೆಯವರು ಹಾಲು ತರಲು ಆ ಕಡೆಯೇ ಹೋಗುತ್ತಿದ್ದವರು, ಕಾಂಪೌಂಡಿನ ಆಚೆಗೇ ನಿಂತು ಒಂದು ಗಳಿಗೆ ನೋಡಿದರು. “ರೀ, ಡಬಲ್ ಬೆಡ್‌ಶೀಟ್ ನೆನೆಹಾಕಿದೀನಿ. ಕೈ ಹೇಗೂ ಬಿಸಿಯಾಗಿದೆ, ಬಂದು ಹಿಂಡಿಕೊಡಿ.” ಮೇಷ್ಟ್ರು ಚೆಂಡನ್ನು ನನ್ನ ಕೈಗೆ ಕೊಟ್ಟು ಎದ್ದರು.