ಬಾಸ್ಟನ್ನಿನಲ್ಲಿ ಬ್ಲೇಡು ಮಸೆದ ಕಥೆ

ಕುಂತೂರಿನಿಂದ ಹೊರಡುವಾಗ ಅಪ್ಪ ತನ್ನ ಗಾಜಿನ ಲೋಟವನ್ನು ಪಂಚೆಯಲ್ಲಿ ಸುತ್ತಿ, ರಾಗಿಹಿಟ್ಟಿನ ಚೀಲಕ್ಕೆ ಒರಗಿಸಿ ಮಲಗಿಸಿದ್ದನಂತೆ. ಬಾಸ್ಟನ್ನಿನ ಪಕ್ಕದ ಕ್ವಿನ್ಸಿಯಲ್ಲಿರುವ ನಮ್ಮ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಲೋಟ ಚೂರುಚೂರು, ಚೀಲ ಹರಿದು ನಾಲ್ಕು ಕಿಲೋ ಹಿಟ್ಟಿನ ತುಂಬ ಗಾಜು. ಹಿಟ್ಟು ಹೋಯಿತಲ್ಲ ಎಂದು ಅವ್ವ ಕಣ್ಣಿಗೆ ಸೆರಗು ಹಚ್ಚಿದಳು. ಅಪ್ಪನ ಸಂಕಟ ಲೋಟದ್ದು.

"ಎಂಥಾ ಲೋಟ ಕನ್ಲಾ ಮೊಗ! ಅದಿಲ್ದೆ ನಾಳೀಕೆ ಗಡ್ಡ ಎಂಗ್ ಕೆರ್ಕಳದು?"

ನನ್ನ ಹೆಂಡತಿ ಧಾರವಾಡದವಳು. ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: "ಏನ್ರೀ, ಮಾವಾರು ಲೋಟದಲೆ ಗಡ್ಡಾ ಮಾಡ್ಕೋತಾರೇನು?"

ಲೋಟದಲ್ಲಿ ಮಾಡಿಕೊಳ್ಳುವುದಲ್ಲ, ಲೋಟದಲ್ಲಿ ಮಸೆಯುವುದು. ಮಸೆಯುವ ಕ್ರಮ ಹೀಗಿದೆ. ಒಳಗೋಡೆಗೆ ನೀರು ಸವರಬೇಕು. ಬ್ಲೇಡನ್ನು ನಿಲುವಾಗಿ ಒಳಕ್ಕಿಟ್ಟು, ನಡುವಿನ ಸೀಳಿನ ಮೇಲೆ ನಡುಬೆರಳು ಒತ್ತಿ, ತೊಟ್ಟಿಲು ತೂಗಿದ ಹಾಗೆ ಎಡಕ್ಕೆ ಬಲಕ್ಕೆ ಆಡಿಸಬೇಕು. ಲೋಟ ಬಾಗಿರುವುದರಿಂದ ಬ್ಲೇಡಿನ ಎರಡು ಬಾಯಿಯೂ ಒಟ್ಟಿಗೇ ಗಾಜಿಗೆ ತಾಗುತ್ತವೆ. ಐವತ್ತು ಸಲ ತೂಗಿ, ಮಗ್ಗುಲು ಬದಲಿಸಿ ಮತ್ತೆ ಐವತ್ತು. ಆಗ ಕಿರ್ರ್ ಕಿರ್ರ್ ಎಂದು ಬರುವ ಸದ್ದಿಗೆ ನಿದ್ದೆಯಲ್ಲಿರುವವರ ಹಲ್ಲು ಜುಮ್ಮೆನ್ನುತ್ತದೆ. ಅಪ್ಪ ಬ್ಲೇಡು ಮಸೆದರೆ ಮನೆಯವರು ಹಲ್ಲು ಮಸೆಯುತ್ತಾರೆ. "ನಲವತ್ತು ವರ್ಸದಿಂದ ಕೇಳ್ತಾ ಇವ್ನಿ ಕನವ್ವ ಈ ಕಿರ್ರ್‌ನ" ಎಂದು ಅವ್ವ ಸೊಸೆಗೆ ಮುನ್ನೆಚ್ಚರಿಕೆ ಕೊಟ್ಟಳು.

ಮರುದಿನ ನಮ್ಮ ಮನೆಯ ಗಾಜಿನ ಪಾತ್ರೆಗಳಿಗೆಲ್ಲ ಹೆಣ್ಣು ನೋಡುವ ಶಾಸ್ತ್ರ. ವೈನ್ ಗ್ಲಾಸನ್ನು ಅಪ್ಪ ಬೆಳಕಿಗೆ ಹಿಡಿದು "ಹೊಟ್ಟೆ ಬಂದದ" ಎಂದು ಇಟ್ಟುಬಿಟ್ಟ. ಮದುವೆಗೆ ಬಂದ ಕೆತ್ತನೆಯ ಲೋಟಗಳಿಗೆ "ಮೈಯೆಲ್ಲ ಸಿಡುಬು". ನನ್ನ ಕಾಫಿ ಮಗ್ಗು ಗಾಜಿನ ಜಾತಿಯೇ ಅಲ್ಲ. ಕಡೆಗೆ ಖಾಲಿಯಾಗಿದ್ದ ಉಪ್ಪಿನಕಾಯಿ ಬಾಟಲಿ ಒಪ್ಪಿಗೆಯಾಯಿತು. ಮೂರು ಸಲ ತೊಳೆದರೂ ಮೊದಲ ವಾರ ಅಪ್ಪನ ಕೆನ್ನೆ ಉರಿಯಿತು. ಪಟಿಕ ಉಜ್ಜಿಕೊಂಡು "ಅಮೇರಿಕದ ನೀರು ಸರಿಯಿಲ್ಲ" ಎಂದ.

ಇದನ್ನು ಬರೀ ಜಿಪುಣತನ ಎಂದುಕೊಂಡರೆ ತಪ್ಪಾದೀತು. ಅಪ್ಪ ಕಬ್ಬು ಬೆಳೆದವನು. ಅವನ ಲೆಕ್ಕದಲ್ಲಿ ಬಾಯಿ ಇರುವ ವಸ್ತುವನ್ನು ಮಸೆಯಬೇಕು. ಮಚ್ಚು, ಕುಡ್ಲು, ಈಳಿಗೆಮಣೆ ಯಾವುದನ್ನೂ ಮೊಂಡಾಯಿತೆಂದು ಯಾರೂ ಬಿಸಾಡುವುದಿಲ್ಲ. ಬ್ಲೇಡು ಮಾತ್ರ ಏನು ಪಾಪ ಮಾಡಿದೆ? ನಮ್ಮ ಮನೆಯಲ್ಲಿ ಬ್ಲೇಡಿಗೂ ವರ್ಣಾಶ್ರಮವಿತ್ತು. ಮೊದಲು ಅಪ್ಪನ ಕೆನ್ನೆ. ಅಲ್ಲಿ ಕೈಲಾಗದಾದಾಗ ಉಗುರು. ಆಮೇಲೆ ಅವ್ವನ ರವಿಕೆಯ ಹೊಲಿಗೆ ಬಿಚ್ಚುವ ಕೆಲಸ. ಮುರಿದು ಅರ್ಧವಾದಾಗ ನನಗೆ ಪೆನ್ಸಿಲು ಜೀವಲು. ತುಕ್ಕು ಹಿಡಿದ ಮೇಲೆ ಸೂರಿನ ಗಳುವಿಗೆ ಸಿಕ್ಕಿಸಿಟ್ಟಿರುತ್ತಿದ್ದರು, ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಹೊಸ ಬ್ಲೇಡಿನ ಕಾಗದವನ್ನು ಅಪ್ಪ ನಿಸ್ಸಂಕೋಚವಾಗಿ ಬಿಚ್ಚಿಸುತ್ತಿದ್ದದ್ದು ಒಂದೇ ಕಡೆ, ಮಾದಪ್ಪನ ಬೆಟ್ಟದಲ್ಲಿ, ಮುಡಿ ಕೊಡುವಾಗ. ದೇವರಿಗೆ ಮಸೆದದ್ದು ಕೊಡಬಾರದಂತೆ.

ಇಂಥವನು ಬಂದಿಳಿದದ್ದು ಬೇರೆಲ್ಲಿಗೂ ಅಲ್ಲ, ಬಿಸಾಡುವ ಬ್ಲೇಡಿನ ತವರಿಗೆ. ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತ 1895ರಲ್ಲಿ ಇಲ್ಲೇ ಬ್ರೂಕ್‌ಲೈನಿನಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದಾಗ ಹೊಳೆದ ಉಪಾಯ ಅದು. ಸೋಡಾ ಬಾಟಲಿಯ ಲೋಹದ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಅವನಿಗೆ ಮೊದಲೇ ಕಿವಿಮಾತು ಹೇಳಿದ್ದ: ಜನ ಒಮ್ಮೆ ಬಳಸಿ ಬಿಸಾಡುವಂಥದ್ದನ್ನು ಹುಡುಕು. ಅಷ್ಟು ತೆಳ್ಳನೆಯ ಉಕ್ಕಿಗೆ ಹದ ಕೊಡಲು ಬರುವುದಿಲ್ಲ ಎಂದು ಬಲ್ಲವರೆಲ್ಲ ಕೈ ಚೆಲ್ಲಿದ್ದರು. ನಿಕರ್‌ಸನ್ ಎಂಬ ಎಂಜಿನಿಯರು ಸಾಧಿಸಿಕೊಟ್ಟ. 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷ ಬ್ಲೇಡುಗಳೇ ಲಕ್ಷ ದಾಟಿದವು.

ಒಂದು ಭಾನುವಾರ ಫೋರ್ಟ್ ಪಾಯಿಂಟ್ ಕಾಲುವೆಯ ದಂಡೆಗೆ ಅಪ್ಪನನ್ನು ಕರೆದೊಯ್ದು ಜಿಲೆಟ್ ಕಾರ್ಖಾನೆ ತೋರಿಸಿದೆ. ಮೇಲೆ ದೊಡ್ಡ ಅಕ್ಷರದಲ್ಲಿ 'ವರ್ಲ್ಡ್ ಶೇವಿಂಗ್ ಹೆಡ್‌ಕ್ವಾರ್ಟರ್ಸ್' ಎಂದು ಬರೆದಿತ್ತು. ಬಿಡಿಸಿ ಹೇಳಿದೆ.

"ನಮ್ಮೂರಲ್ಲಿ ಮಾದಪ್ಪ ಬಂದಿದ್ದ ಮಠ ಇಲ್ವಾ, ಅಂಗೆ ಇದು ಗಡ್ಡದ ಮಠ ಅನ್ನು" ಎಂದ ಅಪ್ಪ. ಮುಚ್ಚಳದ ಕಥೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ನೀರು ನೋಡಿದ. "ಅಂದ್ರ ಬಿಸಾಕದೇ ಯಾಪಾರ."

ನದಿಯಾಚೆಯ ಎಂಐಟಿಯಲ್ಲಿ ಇದೇ ಬ್ಲೇಡಿನ ಮೇಲೆ ತಲೆ ಕೆಡಿಸಿಕೊಂಡವರಿದ್ದಾರೆ. ಉಕ್ಕಿಗಿಂತ ಕೂದಲು ಸುಮಾರು ಐವತ್ತು ಪಟ್ಟು ಮೆತ್ತಗೆ. ಹಾಗಿದ್ದೂ ಸೋಲುವುದು ಬ್ಲೇಡೇ, ಏಕೆ? ರೋಸ್ಕಿಯೋಲಿ ಎಂಬ ಸಂಶೋಧಕ ತನ್ನದೇ ಗಡ್ಡ ಹೆರೆದುಕೊಂಡು, ಒಂದೊಂದು ಸಲಕ್ಕೂ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಉತ್ತರ ಇದು: ಬ್ಲೇಡಿನ ಬಾಯಿ ಸವೆದು ಮೊಂಡಾಗುವುದಿಲ್ಲ, ಚಕ್ಕೆ ಏಳುತ್ತದೆ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಹದ ಎಲ್ಲಿ ಏರುಪೇರಾಗಿದೆಯೋ ಅಲ್ಲಿ ಬಾಯಿ ಸಣ್ಣಗೆ ಕಿತ್ತು ಬರುತ್ತದೆ.

ಇನ್ನಾದರೂ ಅಪ್ಪ ಮಣಿಯುತ್ತಾನೆಂದು ಉತ್ಸಾಹದಿಂದ ವಿವರಿಸಿದೆ.

"ಇದ್ಕೆ ಅಷ್ಟ್ ದೊಡ್ ದುರ್ಬೀನು ಬೇಕಾಯ್ತಾ? ನೆಟ್ಟಗೆ ನಿಂತ ಪೈರು ಕುಡ್ಲಿಗೆ ಏನೂ ಮಾಡಲ್ಲ. ಮಳೆಗೆ ಮಲಗ್ದ ಪೈರು ಕುಯ್ಯವಾಗ್ಲೇ ಬಾಯಿ ಹೋಗದು."

ಸೋತರೂ ನಾನು ಕಾಗದ ಪೆನ್ನು ತೆಗೆದೆ. ಮಸೆಯಲು ದಿನಕ್ಕೆ ನಾಲ್ಕು ನಿಮಿಷ. ಮ್ಯಾಸಚೂಸೆಟ್ಸಿನಲ್ಲಿ ಕನಿಷ್ಠ ಕೂಲಿ ಗಂಟೆಗೆ 15 ಡಾಲರು, ಅಂದರೆ ನಾಲ್ಕು ನಿಮಿಷಕ್ಕೆ ಒಂದು ಡಾಲರು. ನೂರರ ಡಬ್ಬಿ ತಂದರೆ ಒಂದು ಬ್ಲೇಡಿಗೆ ಹತ್ತು ಹನ್ನೆರಡು ಸೆಂಟು. ಒಂದು ಬ್ಲೇಡು ಉಳಿಸಲು ಎಂಟು ಬ್ಲೇಡಿನ ಕೂಲಿ! ಅಪ್ಪ ಲೆಕ್ಕವನ್ನು ಎರಡು ಸಲ ಪರೀಕ್ಷಿಸಿ, ಸರಿಯಾಗಿದೆ ಎಂದು ಒಪ್ಪಿದ. ಆಮೇಲೆ ಕೇಳಿದ: "ಆ ನಾಕು ನಿಮ್ಸ ಉಳುಸ್ಕಂಡು ನೀನು ಏನ್ ಮಾಡೀಯೆ?" ನಾನು ಬೆಳಿಗ್ಗೆ ಎದ್ದು ನಾಲ್ಕಲ್ಲ, ನಲವತ್ತು ನಿಮಿಷ ಫೋನು ನೋಡುವುದನ್ನು ಅವನು ನೋಡಿದ್ದ.

ನನ್ನ ತೀರ್ಮಾನ ಕೇಳಿದರೆ, ಅಪ್ಪ ಕಲಿತ ಕಾಲಕ್ಕೆ ಮಸೆತ ಸರಿಯಾಗಿಯೇ ಇತ್ತು. ಆಗಿನ ಕಾರ್ಬನ್ ಉಕ್ಕಿನ ಬ್ಲೇಡು ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತಿತ್ತು. ಗಾಜಿಗೆ ಉಜ್ಜಿದರೆ ತುಕ್ಕು, ಸೋಪಿನ ಜಿಡ್ಡು ಹೋಗಿ, ಮಡಚಿಕೊಂಡ ಬಾಯಿ ಕೊಂಚ ನೆಟ್ಟಗಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಲಿಲ್ಲಿಕ್ರ್ಯಾಪ್ ಎಂಬ ಹೆಸರಿನಲ್ಲಿ ಒಳಬಾಗಿನ ಗಾಜಿನ ತುಂಡನ್ನು ಇದಕ್ಕೆಂದೇ ಮಾರುತ್ತಿದ್ದರು. ಅದು ಬೇರೇನಲ್ಲ, ನಮ್ಮಪ್ಪನ ಲೋಟದ ಒಂದು ಚೂರು. 1960ರ ದಶಕದಲ್ಲಿ ಸ್ಟೇನ್‌ಲೆಸ್ ಬ್ಲೇಡು ಬಂತು, ಬಾಯಿಗೆ ತೆಳ್ಳನೆಯ ಲೇಪ ಬಂತು. ಈಗ ಗಾಜಿಗೆ ಉಜ್ಜಿದರೆ ಹೋಗುವುದು ಆ ಲೇಪವೇ. ಎದ್ದ ಚಕ್ಕೆಯನ್ನಂತೂ ಗಾಜು ತುಂಬಿಕೊಡುವುದಿಲ್ಲ. ಅದರ ಬದಲು ತೊಳೆದು ಒಣಗಿಸಿಟ್ಟರೆ ಎರಡು ದಿನ ಹೆಚ್ಚು ಬಾಳುತ್ತದೆ. ಇದನ್ನು ಅಪ್ಪನಿಗೆ ಹೇಳಿದೆ. ಒಣಗಿಸುವುದನ್ನೂ ಶುರು ಮಾಡಿದ, ಮಸೆದಾದ ಮೇಲೆ.

ಈ ನಡುವೆ ಮಗಳು ಎಲ್ಲೋ ಓದಿಕೊಂಡು ಬಂದಳು: ಪಿರಮಿಡ್ಡಿನೊಳಗೆ ಇಟ್ಟರೆ ಬ್ಲೇಡು ತಾನಾಗಿ ಹರಿತವಾಗುತ್ತದಂತೆ, ಡ್ರಬಲ್ ಎಂಬ ಚೆಕ್ ಎಂಜಿನಿಯರಿಗೆ 1959ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತಂತೆ. ಪೇಟೆಂಟು ಸಿಕ್ಕದ್ದು ನಿಜವೇ. ಅಮೆಜಾನ್ ಡಬ್ಬ ಕತ್ತರಿಸಿ ತಾತನ ಬ್ಲೇಡಿಗೆ ಗೋಪುರ ಕಟ್ಟಿದಳು. ಅಪ್ಪ ಅದನ್ನು ಸುತ್ತ ತಿರುಗಿ ನೋಡಿದ. "ನಮ್ ಬಣವೆನೂ ಇಂಗೇ ಅದ ಕನವ್ವ. ಬಣವೆಗೆ ಸಿಕ್ಸಿದ್ ಕುಡ್ಲು ಯಾವತ್ತೂ ಚೂಪಾಗ್ಲಿಲ್ಲ, ಕಳ್ದೋಯ್ತು ಅಷ್ಟೆ."

ಅಪ್ಪನಿಗೆ ಅಮೆರಿಕದಲ್ಲಿ ಅರ್ಥವಾಗದೆ ಉಳಿದದ್ದು ನಮ್ಮ ಬಚ್ಚಲಿನ ಕನ್ನಡಿ ಬೀರುವಿನ ಸೀಳು. ಹಳೆಯ ಮನೆ ನಮ್ಮದು. ಬೀರುವಿನ ಹಿಂಬದಿಯಲ್ಲಿ ಹುಂಡಿಯ ಬಾಯಿಯಂಥ ಸಣ್ಣ ಸೀಳಿತ್ತು. "ಬಳಸಿದ ಬ್ಲೇಡು ಹಾಕುವುದಕ್ಕೆ" ಎಂದೆ.

"ಹಾಕುದ್ರೆ ಎಲ್ಲಿಗೋಯ್ತದ?"

"ಗೋಡೆಯೊಳಕ್ಕೆ."

"ಆಮೇಲೆ?"

"ಆಮೇಲೆ ಏನಿಲ್ಲ. ಅಲ್ಲೇ ಇರುತ್ತೆ."

ಆ ರಾತ್ರಿ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ.

ಅವರು ಊರಿಗೆ ಹೊರಡುವ ಹಿಂದಿನ ವಾರ ಬಚ್ಚಲಿನ ಕೊಳವೆ ಸೋರಿತು. ಪ್ಲಂಬರು ಬಂದು ಗೋಡೆಯ ಹಲಗೆ ಕಿತ್ತ. ಒಳಗಿಂದ ಝಲ್ಲನೆ ಸುರಿದವು: ಕೆಂಪಗೆ ತುಕ್ಕು ಹಿಡಿದ, ಒಂದಕ್ಕೊಂದು ಅಂಟಿಕೊಂಡ ಬ್ಲೇಡುಗಳು. ಎಷ್ಟು ಜನರ, ಎಷ್ಟು ವರ್ಷದ ಬೆಳಗುಗಳೋ! ಹಳೇ ಮನೆಗಳಲ್ಲಿ ಇದೆಲ್ಲ ಮಾಮೂಲು ಎಂದ ಪ್ಲಂಬರು. ಅಪ್ಪ ಕುಕ್ಕರಗಾಲಲ್ಲಿ ಕೂತು ಎಣಿಸತೊಡಗಿದ. ನೂರಾ ನಲವತ್ತರ ಹತ್ತಿರ ಅವ್ವ ಗದರಿಸಿದ್ದಕ್ಕೆ ನಿಲ್ಲಿಸಿ, ಇದ್ದುದರಲ್ಲಿ ಚೆನ್ನಾಗಿದ್ದದ್ದೊಂದನ್ನು ಆರಿಸಿ ಬಾಟಲಿಯ ಮುಂದೆ ಕೂತ. ಕಿರ್ರ್ ಎನ್ನಲಿಲ್ಲ, ಕರಕರ ಎಂದು ಮುರಿಯಿತು.

"ಇವು ಮಸಿಯಾಕಾಗಕಿಲ್ಲ" ಎಂದು ತೀರ್ಪು ಕೊಟ್ಟ.

ಸಂಜೆ ಪ್ಲಂಬರು ಹೊಸ ಹಲಗೆ ಮುಚ್ಚಬೇಕೆನ್ನುವಾಗ ಅಪ್ಪ ತಡೆದ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಕುಂತೂರಿನಿಂದ ತಂದ ಟೊಪಾಜ್ ಬ್ಲೇಡನ್ನು ಎರಡು ಬೆರಳಲ್ಲಿ ಹಿಡಿದು, ಗೋಡೆಯೊಳಕ್ಕೆ ಬಿಟ್ಟ. ಕೆಳಗೆಲ್ಲೋ ಟಿಣ್ ಎಂದಿತು.

"ಮೂವತ್ತೊಂದು ಗಡ್ಡ ತೆಗ್ದದ ಅಂತ ಅವುನ್ಗೆ ಯೋಳು."

ಹೇಳಿದೆ. ಎದೆಯವರೆಗೆ ಇಳಿಬಿಟ್ಟ ಗಡ್ಡವನ್ನು ನೀವಿಕೊಳ್ಳುತ್ತಾ ಪ್ಲಂಬರು ಗಂಭೀರವಾಗಿ ತಲೆಯಾಡಿಸಿದ.